ಡೆಲ್ಮಿರಾಳ ಏಳು ಬೆರಳು

ಲಾ ಪಲೋಮಾ ಬಂದರಿನಲ್ಲಿ ಬೆಳಗಿನ ಐದೂವರೆ. ಮೊದಲ ದೋಣಿಯ ಕೊರ್ವಿನಾ ಮೀನು ಮೇಜಿಗೆ ಬಂದು ಬೀಳುತ್ತಿದ್ದಂತೆ ಡೆಲ್ಮಿರಾ ಪಿರಿಸ್ ಚಾಕು ಹಿಡಿಯುತ್ತಾಳೆ. ಹಿಡಿಯುತ್ತಾಳೆ ಎನ್ನುವುದು ಪೂರ್ತಿ ಸರಿಯಲ್ಲ. ಬಲಗೈಯ ಕೊನೆಯ ಎರಡು ಬೆರಳು ಮಡಚುವುದಿಲ್ಲವಾದ್ದರಿಂದ, ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ಅಂಗೈಗೆ ಒತ್ತಿಕೊಳ್ಳುತ್ತಾಳೆ. ಕಿವಿರಿನ ಹಿಂದೆ ಒಂದು ಗೀರು, ಮುಳ್ಳಿನುದ್ದಕ್ಕೂ ಒಂದು ಸೆಳೆತ, ಮೀನು ಎರಡು ಹೋಳು. ಮಧ್ಯಾಹ್ನದೊಳಗೆ ಇಂಥ ಮುನ್ನೂರು ಮೀನು.

"ಏ ಏಡಿ, ನಿಧಾನ ಕಣೇ, ನಮಗೂ ನಾಲ್ಕು ಉಳಿಸು!" ಪಕ್ಕದ ಮೇಜಿನ ನೆಲ್ಸಿ ಕೂಗುತ್ತಾಳೆ. ಸೊಟ್ಟ ಬೆರಳುಗಳಿಗಾಗಿ ಬಂದರು ಇಟ್ಟ ಹೆಸರು ಅದು.

"ಏಡಿ ಅಡ್ಡ ನಡೆಯತ್ತೆ, ನಾನು ಅಡ್ಡ ಹಾರ್ತಿದ್ದೆ. ವ್ಯತ್ಯಾಸ ತಿಳ್ಕೋ" ಎನ್ನುತ್ತಾಳೆ ಡೆಲ್ಮಿರಾ, ತಲೆ ಎತ್ತದೆ.

ಅವಳಿಗೀಗ ಐವತ್ತೇಳು. ಹತ್ತೊಂಬತ್ತು ವರ್ಷ ಫಾರೊ ನ್ವೆವೊ ಕ್ಲಬ್ಬಿನ ಹೆಂಗಸರ ಫುಟ್‌ಬಾಲ್ ತಂಡದ ಗೋಲಿ, ಗೋಲು ಕಾಯುವವಳು. ಗಂಡಸರ ಪಂದ್ಯ ಮುಗಿದು ಉಳಿದ ಕೆಸರೇ ಆಗ ಇವರ ಮೈದಾನ. ಹತ್ತರಲ್ಲಿ ಏಳು ಬೆರಳು ಮುರಿದಿವೆ. ಎಡ ಮಂಡಿಯಲ್ಲಿ ಮೂಳೆಗೆ ಮೂಳೆ ಉಜ್ಜುತ್ತದೆ. ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಾಳೆ.

ತಲೆಗೂ ಪೆಟ್ಟಾಗಿದೆ. ತೊಂಬತ್ತೊಂದರ ಫೈನಲ್‌ನಲ್ಲಿ ಪೆನಾಲ್ಟಿ ತಡೆದು ಬಿದ್ದವಳ ಹಣೆಗೆ ಎದುರಾಳಿಯ ಬೂಟು ಬಡಿಯಿತು. ಬಟ್ಟೆ ಸುತ್ತಿ ಮತ್ತೆ ನಿಲ್ಲಿಸಿದರು. ಇಪ್ಪತ್ತು ನಿಮಿಷ ಆಡಿದಳು, ತಂಡ ಗೆದ್ದಿತು. "ಎರಡು ದಿನ ಆದ್ಮೇಲೆ ಅಮ್ಮನ ಅಡುಗೆಮನೇಲಿ ಎಚ್ಚರ ಆದ ಹಾಗಾಯ್ತು. ಆ ಪೆನಾಲ್ಟಿ ತಡೆದದ್ದು ಊರಿಗೆಲ್ಲ ನೆನಪಿದೆ, ನನಗೊಬ್ಳಿಗೇ ಇಲ್ಲ."

ಹಾಗಾದರೆ ಸಿಕ್ಕಿದ್ದೇನು? ಈ ಪ್ರಶ್ನೆಗೆ ಅವಳು ಚಾಕು ಕೆಳಗಿಡುತ್ತಾಳೆ. "ಹದಿನಾರರ ಹುಡುಗಿ ನಾನು. ಚೆಂಡು ಮೇಲಿದ್ದಾಗ 'ನಂದು!' ಅಂತ ಕೂಗಿದ್ರೆ ಹತ್ತು ಜನ ದಾರಿ ಬಿಡ್ತಿದ್ರು. ಮನೇಲಿ, ಬಂದರಲ್ಲಿ, ಯಾರು ಬಿಟ್ಟಿದ್ರು ನನಗೆ ದಾರಿ? ಅಯ್ಯೋ ಪಾಪ ಅಂತ ಯಾರಾದ್ರೂ ಈ ಕೈ ನೋಡಿದ್ರೆ ಮೈ ಉರಿಯತ್ತೆ."

ಮಂಗಳವಾರ, ಗುರುವಾರ ಸಂಜೆ ಅವಳು ಕ್ಲಬ್ಬಿನ ಹುಡುಗಿಯರಿಗೆ ಗೋಲು ಕಾಯುವುದನ್ನು ಕಲಿಸುತ್ತಾಳೆ. ಹೊಸಬರಿಗೆ ಮೊದಲ ದಿನ ಚೆಂಡು ಕೊಡುವುದಿಲ್ಲ, ತನ್ನ ಕೈ ಚಾಚಿ ಆ ಸೊಟ್ಟ ಬೆರಳು ಮುಟ್ಟಿಸುತ್ತಾಳೆ. ಅಧ್ಯಕ್ಷ ರುಬೆನ್ ಎಚೆಗರಾಯ್‌ಗೆ ಇದು ಸರಿಬರುವುದಿಲ್ಲ. "ಹೆದರಿಸ್ಬೇಡ ಮಾರಾಯ್ತಿ, ಓಡಿಹೋಗ್ತಾರೆ" ಎಂದರೆ, "ಗೊತ್ತಾಗಿ ಓಡ್ಲಿ. ಗೊತ್ತಿಲ್ದೆ ನಿಲ್ಲೋದು ಬೇಡ" ಎಂಬ ಉತ್ತರ.

ಕಳೆದ ನವೆಂಬರಿನ ಫೈನಲ್. ತಂಡ ಒಂದು ಗೋಲು ಮುಂದಿದೆ, ಉಳಿದಿರುವುದು ಹತ್ತು ನಿಮಿಷ. ಹತ್ತೊಂಬತ್ತು ವರ್ಷದ ಗೋಲಿ ಮೈತೆಯ ತಲೆಗೆ ಎದುರಾಳಿಯ ಮಂಡಿ ಬಡಿಯುತ್ತದೆ. ಎದ್ದವಳು ದಿಕ್ಕು ತಿಳಿಯದೆ ನೇರವಾಗಿ ಎದುರು ತಂಡದ ಗೋಲಿನತ್ತ ನಡೆಯುತ್ತಾಳೆ. ಬದಲಿ ಗೋಲಿ ಇಲ್ಲ. "ನೀರು ಹಾಕಿ, ಸರಿಹೋಗ್ತಾಳೆ!" ರುಬೆನ್ ಅರಚುತ್ತಾನೆ.

ಡೆಲ್ಮಿರಾ ಕುಂಟುತ್ತ ಒಳಗೆ ನಡೆದು, ಗೋಲಿನ ಗೆರೆಯ ಮೇಲೆ ಕಾಲು ಚಾಚಿ ಕೂತುಬಿಡುತ್ತಾಳೆ. ರೆಫರಿ ಕೆಂಪು ಕಾರ್ಡು ತೋರಿಸುತ್ತಾನೆ. "ಇನ್ನೊಂದು ತೋರ್ಸಪ್ಪ. ಆ ಹುಡುಗಿ ಹೊರಗೆ ಹೋಗೋವರೆಗೂ ಈ ಮಂಡಿ ಏಳಲ್ಲ."

ಮೈತೆಯನ್ನು ಹೊರಗೆ ಕರೆದೊಯ್ದ ಮೇಲೆಯೇ ಅವಳು ಎದ್ದದ್ದು. ಅವಳ ಬದಲು ಕೈಗವಸು ತೊಟ್ಟು ಗೋಲಿನಲ್ಲಿ ನಿಂತ ಮುಂಚೂಣಿಯ ಆಟಗಾರ್ತಿ ಎರಡು ಗೋಲು ಬಿಟ್ಟುಕೊಟ್ಟಳು. ಕಪ್ ಕೈತಪ್ಪಿತು. ಇನ್ನು ಈ ಕಡೆ ಬರಬೇಡ ಎಂದ ರುಬೆನ್. ಮಂಗಳವಾರ ಅವಳು ಎಂದಿನಂತೆ ಹೋದಳು; ಗೇಟಿಗೆ ಬೀಗ. ಹದಿನಾಲ್ಕು ಹುಡುಗಿಯರು ಹೊರಗೇ ನಿಂತಿದ್ದರು. "ಏಡಿ ಇಲ್ದೆ ನಾವೂ ಇಲ್ಲ." ಎರಡು ವಾರ ಕಡಲ ದಂಡೆಯಲ್ಲೇ ಅಭ್ಯಾಸ ನಡೆಯಿತು; ಮೂರನೆಯ ವಾರ ಬೀಗ ತೆರೆಯಿತು. ಮೂರು ತಿಂಗಳ ವಿಶ್ರಾಂತಿಯ ನಂತರ ಮೈತೆ ಈಗ ಮತ್ತೆ ಗೋಲಿನಲ್ಲಿದ್ದಾಳೆ.

"ಕಪ್ ಹೋಯ್ತು ಅಂತ ಬೇಜಾರಿಲ್ವಾ?" ಎಂದು ಕೇಳಿದರೆ,

"ಇದೆ, ಯಾಕಿಲ್ಲ? ರುಬೆನ್‌ಗಿಂತ ಜಾಸ್ತಿ ಅತ್ತಿದೀನಿ. ನಾಳೆ ಹಾಗೇ ಆದ್ರೆ ಮತ್ತೆ ಅಲ್ಲೇ ಕೂರ್ತೀನಿ."

ಆಗಸ್ಟಿನಲ್ಲಿ ಅವಳಿಗೆ ಹೊಸ ಮಂಡಿ ಹಾಕುತ್ತಾರೆ. ಹೊಸ ಮಂಡಿಯಿಂದ ಏನೇನು ಮಾಡಬೇಕೆಂದಿದ್ದೀರಿ, ಮೆಟ್ಟಿಲು ಹತ್ತುವುದೋ, ಸಂತೆಗೆ ಹೋಗುವುದೋ ಎಂದು ಡಾಕ್ಟರಮ್ಮ ಕೇಳಿದರಂತೆ.

"ಎಡಗಡೆಗೆ ಒಂದೇ ಒಂದು ಸಲ ಹಾರ್ಬೇಕು ಅಂದೆ. ಆಗಲ್ಲ ಅಂದ್ರು. ಆಗೋದು ಬಿಡೋದು ಆಮೇಲೆ, ಮೊದ್ಲು ಬರ್ಕೊಳ್ಳಿ ಅಂದೆ." ಡೆಲ್ಮಿರಾ ಮುಂದಿನ ಮೀನನ್ನು ಎಳೆದುಕೊಳ್ಳುತ್ತಾಳೆ. "ಬರ್ಕೊಂಡ್ರು."