ಸಗಣಿ ಸಾರಿಸಿದ ಕೋರ್ಟು

ಜನವರಿಯ ಮಂಜು ಇನ್ನೂ ಕರಗಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ತುಮಕೂರಿನಲ್ಲಿ ಗುಬ್ಬಿಯ ಬಸ್ಸು ಹತ್ತಿದೆ. ಹೆಂಗಸರಿಗೆ ಪ್ರಯಾಣ ಉಚಿತವಾದ್ದರಿಂದ ಕಂಡಕ್ಟರು ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ನಾನು ಕಾಲೇಜೊಂದರ ದೈಹಿಕ ಶಿಕ್ಷಣದ ಮೇಡಂ. ನಮ್ಮಲ್ಲಿ ಗೆದ್ದವರ ಹೆಸರಿನ ಫಲಕವೊಂದಿದೆ, ಅದರ ತುಂಬ ಗಂಡಸರೇ. ನಲವತ್ತು ವರ್ಷದ ಹಿಂದೆ ಹುಡುಗಿಯರಿಗೆಂದು ಮೊದಲ ಸಲ ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್ ನಡೆದಾಗ ಗೆದ್ದದ್ದು ನಮ್ಮ ತಂಡ. ಫಲಕದಲ್ಲಿ ಅವರ ಸುಳಿವೇ ಇಲ್ಲ. ನೆನೆದಾಗಲೆಲ್ಲ ನನಗೆ ಮೈಯುರಿಯುತ್ತದೆ. ಸಂಜೆ ಐದಕ್ಕೆ ಪೇಂಟರ್ ನಯಾಜ್ ಫಲಕ ಹೊಸದಾಗಿ ಬರೆಯಲು ಬರುವವರಿದ್ದರು. ಅಷ್ಟರೊಳಗೆ ಆ ಹೆಸರುಗಳನ್ನು ತರಬೇಕಿತ್ತು.

ಗುಬ್ಬಿಗೆ ಇಪ್ಪತ್ತು ಕಿಲೋಮೀಟರ್. ಆ ತಂಡದಲ್ಲಿ ಆಡಿದ್ದ ಸರೋಜಮ್ಮ ಬಿಸಿ ತಟ್ಟೆ ಇಡ್ಲಿ ಕೊಟ್ಟು ಮಾತಿಗೆ ಕುಳಿತರು.

"ನಮಗೆಲ್ಲಿತ್ತು ಕೋರ್ಟು? ಹುಡುಗ್ರು ಊಟಕ್ಕೆ ಹೋದಾಗ ಆಡ್ತಿದ್ವಿ, ಬರಿಗಾಲಲ್ಲಿ. ನಂಬರ್ ಬರ್ದಿರೋ ಬಟ್ಟೇನ ಚೂಡಿದಾರ್‌ಗೆ ಪಿನ್ ಹಾಕ್ಕೊಂಡು."

ಕೋರ್ಟು ಮಣ್ಣಿನದು. ಫೈನಲ್ ನಮ್ಮ ಕಾಲೇಜಿನಲ್ಲೇ. ಧೂಳೇಳಬಾರದೆಂದು ಹುಡುಗಿಯರು ಹಿಂದಿನ ಸಂಜೆ ರಾಗಿ ಕಣ ಸಾರಿಸುವ ಹಾಗೆ ಇಡೀ ಕೋರ್ಟಿಗೆ ಸಗಣಿ ಸಾರಿಸಿದರು. ಮಂಜು ಬಿದ್ದು ಬೆಳಿಗ್ಗೆಯಾದರೂ ಅದು ಒಣಗಲಿಲ್ಲ. ಬೆಂಗಳೂರಿನ ಹುಡುಗಿಯರು ಕ್ಯಾನ್ವಾಸ್ ಶೂನಲ್ಲಿ ಜಾರಿ ಜಾರಿ ಬಿದ್ದರು. ಅವರ ಕ್ಯಾಪ್ಟನ್ ಕಾಲು ಉಳುಕಿ ಹೊರಗೆ ಕುಳಿತಳು. ನಮ್ಮವರ ಬರಿಗಾಲು ನೆಲ ಹಿಡಿದವು. ಎರಡು ಪಾಯಿಂಟಿನಲ್ಲಿ ಗೆದ್ದರು.

"ಗೊತ್ತಿಲ್ದೆ ಆಗಿದ್ದು ಕಣಮ್ಮ," ಎಂದರು ಸರೋಜಮ್ಮ. "ಆದ್ರೆ ನಮ್ ಕ್ಯಾಪ್ಟನ್ ಪುಟ್ಟಲಕ್ಷ್ಮಿ ಫೋಟೋಗೂ ನಿಲ್ಲಲಿಲ್ಲ. ಹೆಸ್ರು ಬರೀಬ್ಯಾಡಿ ಅಂತ ಅವಳೇ ಹೋಗಿ ಹೇಳಿದ್ಲು. ಅವಳು ಹೂಂ ಅನ್ನೋ ತಂಕ ನಮ್ ಹೆಸ್ರೂ ಬ್ಯಾಡ."

ತಂಡದವರ ಹೆಸರುಗಳನ್ನೂ ಪುಟ್ಟಲಕ್ಷ್ಮಿಯ ಕುಣಿಗಲ್ ವಿಳಾಸ, ಫೋನ್ ನಂಬರನ್ನೂ ಅವರಿಂದ ಚೀಟಿಯಲ್ಲಿ ಬರೆಸಿಕೊಂಡೆ. ನೇರ ಬಸ್ಸಿಗೆ ಕಾಯದೆ ತುಮಕೂರಿಗೆ ವಾಪಸು ಬಂದು, ಹೆಬ್ಬೂರಿನ ಮೇಲೆ ಕುಣಿಗಲ್ ತಲುಪಿದಾಗ ಮಧ್ಯಾಹ್ನ ಹನ್ನೆರಡೂವರೆ. ಪುಟ್ಟಲಕ್ಷ್ಮಮ್ಮ ತಾರಸಿಯ ಮೇಲೆ ಹರಡಿದ್ದ ರಾಗಿಯನ್ನು ಬರಿಗಾಲಲ್ಲಿ ಗೀರುತ್ತಾ ತಿರುವಿ ಹಾಕುತ್ತಿದ್ದರು. ನಾನು ಬಂದ ಕೆಲಸ ಹೇಳಿದೆ. ಅವರು ಕೆಳಗಿಳಿದು ಮುದ್ದೆ, ಅವರೆಕಾಳು ಸಾರು ಬಡಿಸಿದರು. ನಾನು ಉಂಡು ಮುಗಿಸಿದ ಮೇಲೆ ಮಾತು ತೆಗೆದರು.

"ಸರೋಜ ಗೊತ್ತಿಲ್ದೆ ಆಯ್ತು ಅಂದಿರ್ತಾಳೆ. ಉಳಿದೋರಿಗೆ ಗೊತ್ತಿರಲಿಲ್ಲ, ನಿಜ. ನಾನು ಬೆಳಿಗ್ಗೆ ಐದಕ್ಕೇ ಎದ್ದು ಹೋಗಿ ಕಾಲಿಟ್ಟು ನೋಡಿದ್ದೆ. ಕಣದಲ್ಲಿ ಬೆಳ್ದೋಳು ನಾನು. ಒಣಗಿದ್ಯೋ ಇಲ್ವೋ ಪಾದಕ್ಕೆ ಗೊತ್ತಾಗಲ್ವಾ? ಎರಡು ಗಂಟೆ ತಡವಾಗಿ ಆಡ್ಸಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಹೇಳಲಿಲ್ಲ."

"ಯಾಕೆ?"

"ಗೆಲ್ಬೇಕಿತ್ತು ಕಣಮ್ಮ. ಸೋತ್ರೆ ಮುಂದಿನ ವರ್ಷ ನಮ್ಮನ್ನ ಯಾರು ಆಡ್ಸೋರು?"

ಹೆಸರು ಬರೆಸಲೇಬೇಕೆಂದು ಹಟ ಹಿಡಿದೆ. ಅವರು ಒಂದು ಷರತ್ತಿನ ಮೇಲೆ ಒಪ್ಪಿದರು: ನೆಲ ಹಸಿಯಾಗಿತ್ತೆಂದೂ ಬರೆಸಬೇಕು. ನನಗೆ ಸಿಟ್ಟೇ ಬಂತು. ನಲವತ್ತು ವರ್ಷ ಕಾದು ಒಂದು ಸಾಲು ಸಿಕ್ಕಿದೆ, ಅದನ್ನೂ ನಗೆಪಾಟಲು ಮಾಡಿಕೊಳ್ಳಬೇಕೇ? ಬಾಯಿಬಿಟ್ಟು ಹೇಳಿಯೂಬಿಟ್ಟೆ.

"ಹಂಗಾದ್ರೆ ಬುಡಿ," ಎಂದು ಅವರು ಮತ್ತೆ ತಾರಸಿ ಹತ್ತಿದರು.

ಬಸ್ಸು ಕುಣಿಗಲ್ ಕೆರೆ ದಾಟುವವರೆಗೂ ಸಿಟ್ಟಿತ್ತು. ಹೆಬ್ಬೂರು ಬರುವ ಹೊತ್ತಿಗೆ ಕಾಲು ಉಳುಕಿ ಹೊರಗೆ ಕುಳಿತ ಆ ಹುಡುಗಿಯೇ ಕಣ್ಣ ಮುಂದೆ ಬರತೊಡಗಿದಳು.

ಐದಕ್ಕೆ ನಯಾಜ್ ಏಣಿ ಹತ್ತಿದರು. ನಾನು ಹೇಳಿದಂತೆ ತಂಡದ ಹೆಸರುಗಳನ್ನು ಬರೆದರು. "ಕೆಳಗೆ ಇನ್ನೊಂದು ಸಾಲು," ಎಂದೆ. "ಫೈನಲ್ ದಿನ ನೆಲ ಹಸಿಯಾಗಿತ್ತು."

"ಇದೂ ಬರೀಬೇಕಾ ಮೇಡಂ? ಸಣ್ಣದಾಗಿ ಹಾಕ್ಲಾ?"

"ಬೇಡ. ಹೆಸರಿನಷ್ಟೇ ದಪ್ಪಕ್ಕಿರಲಿ."

ಬರೆದಾದ ಮೇಲೆ ಕುಣಿಗಲ್‌ಗೆ ಫೋನ್ ಮಾಡಿ ಎಲ್ಲವನ್ನೂ ಓದಿ ಹೇಳಿದೆ.

"ಒಣಗಿದ್ಯಾ?" ಎಂದರು ಪುಟ್ಟಲಕ್ಷ್ಮಮ್ಮ.

"ಇನ್ನೂ ಇಲ್ಲ."

"ಹಂಗಾದ್ರೆ ಅಲ್ಲೇ ನಿಂತಿರಿ. ಒಣಗೋ ತಂಕ ಯಾರ್ನೂ ಹತ್ರ ಬಿಡಬ್ಯಾಡಿ."