ಬಳೆಗಾರ ಹೇಳಿದ ಹಾರುವ ವೀರನ ಕಥೆ

ನಾನು ಮದುವೆಯಾಗಿ ತಿಳವಳ್ಳಿಗೆ ಬಂದ ಹೊಸತರಲ್ಲಿ ಸವಣೂರಿನಿಂದ ಒಬ್ಬ ಮುದುಕ ಬಳೆ ಹೊತ್ತು ಬರುತ್ತಿದ್ದ. ಅವನ ಬಾಯಿ ನಿಲ್ಲುತ್ತಿರಲಿಲ್ಲ. ಬಿರುಸು ಕೈಗೆ ಬಳೆ ಏರಿಸುವಾಗ ನೋವು ಮರೆಯಲಿ ಎಂದು ವಾರಪತ್ರಿಕೆಯ ಚಿತ್ರಕಥೆ ಹೇಳುತ್ತಿದ್ದ. ಮುಖವಾಡ ತೊಟ್ಟು ಆಕಾಶದಲ್ಲಿ ಹಾರುವ ವೀರನ ಕಥೆ. ನನಗೆ ಓದು ಅಷ್ಟಕ್ಕಷ್ಟೆ, ಅವನು ತಂದ ಪತ್ರಿಕೆಯಲ್ಲಿ ಚಿತ್ರ ನೋಡುತ್ತಿದ್ದೆ. ಏರಿಸುವಾಗ ಬಳೆ ಒಡೆದರೆ, "ನನ್ನ ಕೈಯಾಗ ಒಡದದ್ದು ನನ್ನ ಮ್ಯಾಲವ್ವ" ಎಂದು ಪುಕ್ಕಟೆ ಇನ್ನೊಂದು ಹಾಕುತ್ತಿದ್ದ.

ಒಂದು ಸಲ ವೈರಿಗಳು ವೀರನನ್ನು ಹಾಳುಬಾವಿಗೆ ನೂಕಿ ಮೇಲೆ ಬಂಡೆ ಎಳೆದರು. ಮುಂದೇನಾಯಿತೋ ಎಂದು ಓಣಿಯ ಹೆಂಗಸರೆಲ್ಲ ಕಾದೆವು. ಮತ್ತೆ ಬಂದಾಗ ಮುದುಕನ ಮುಖ ಸಪ್ಪಗಿತ್ತು.

"ಹೊರಗ ಬಂದ್ನೇನ್ರಿ ಚಾಚಾ?" ಎಂದೆ.

"ಬಾವೀನ ಇಲ್ಲವ್ವ. ಹಾಸಗ್ಯಾಗ ಎಚ್ಚರಾತಂತ. ಎಲ್ಲಾ ಕನಸಂತ. ಕತಿ ಮುಗೀತು."

ನನ್ನ ಅತ್ತೆ ಕೈ ಕಿತ್ತುಕೊಂಡಳು. "ಇದನ್ನ ಕೇಳಾಕ ಇಷ್ಟ ದಿನ ನಿನ್ನ ಕಡೆ ಕೈ ಹಿಂಡಿಸ್ಕೊಂಡಿವೇನು? ಇನ್ನ ಹಾನಗಲ್ಲ ಸಂತ್ಯಾಗ ಬಳಿ ಇಟಗೋತೇವಿ."

"ಬರದಾಂವ ಬ್ಯಾರೆ ಅದಾನಲ್ರೀ ಅತ್ತಿ" ಎಂದೆ.

"ಹೇಳಿದಾಂವ ನಾನಲ್ಲೇನವ್ವ? ನನ್ನ ಕೈಯಾಗ ಒಡದದ್ದು ನನ್ನ ಮ್ಯಾಲ" ಎಂದ ಮುದುಕ, ಎಲ್ಲರ ಕೈಗೂ ಒಂದೊಂದು ಹಸಿರು ಬಳೆ ಪುಕ್ಕಟೆ ಏರಿಸತೊಡಗಿದ. ಎಂದೂ ಇಲ್ಲದ್ದು, ಅವತ್ತು ಬಾಯಿ ಮುಚ್ಚಿಕೊಂಡೇ ಏರಿಸಿದ. ಕೊನೆಗೆ ಅತ್ತೆಯೂ ಕೈ ಚಾಚಿದಳು. ಬಳೆ ಗೆಣ್ಣಿಗೆ ಬಂದು ಸಿಕ್ಕಿಕೊಂಡಿತು.

ಅತ್ತೆ ಮುಖ ಕಿವಿಚಿದಳು. "ಏನರ ಹೇಳೋ ಮಾರಾಯಾ. ಕೈ ನೋಯಾಕತ್ತೈತಿ."