ಟಾರ್ಪಾಲಿನ ಇನ್ನೊಂದು ತುದಿ

ನಮ್ಮ ಭಾವ ಪರಮೇಶ್ವರಪ್ಪನವರು ಕಳಸದಲ್ಲಿ ಮೂವತ್ತು ವರ್ಷದಿಂದ ಟಾರ್ಪಾಲು, ಹಗ್ಗ, ಗೋಣಿಚೀಲ ಮಾರುತ್ತಿದ್ದಾರೆ. ಅಂಗಡಿಯ ಹಿಂದೆ ಒಂದು ಮೆಣಸು ಕೊಯ್ಯುವ ಯಂತ್ರ ತುಕ್ಕು ಹಿಡಿದು ನಿಂತಿದೆ. ಆರು ವರ್ಷದ ಹಿಂದೆ ಚನ್ನಬಸವ ಎಂಬ ಹುಡುಗ ಅದನ್ನು ಕಟ್ಟಿದಾಗ ಮೊದಲ ದುಡ್ಡು ಹಾಕಿದವರು ಇವರೇ. ಬೆಳೆಗಾರರು ಅದನ್ನು ಹೊಗಳಿದ್ದೇ ಹೊಗಳಿದ್ದು! ಕೊಂಡವರು ಒಬ್ಬರೂ ಇಲ್ಲ. ಈಗ ನನ್ನ ಅಕ್ಕ ಶಿವಗಂಗಮ್ಮ ಅದರ ಮೇಲೆ ಬಟ್ಟೆ ಹರವುತ್ತಾಳೆ. "ಬಟ್ಟೆ ಒಣಗ್ಸೋಕೆ ಇಷ್ಟು ದುಬಾರಿ ಸಾಮಾನು ಊರಲ್ಲಿ ಇನ್ಯಾರ ಮನೇಲೂ ಇಲ್ಲ" ಎಂದು ಭಾವನಿಗೆ ಕೇಳುವ ಹಾಗೆ ಹೇಳುತ್ತಾಳೆ.

ಅದರಿಂದ ಭಾವ ಒಂದು ಪಾಠ ಕಲಿತಿದ್ದರು. ನಮ್ಮ ಕಡೆ ಮನೆಗೆ ಬಂದವರಿಗೆ ಕಾಫಿ ಕೊಡುವ ಹಾಗೆ ಹೊಗಳಿಕೆಯನ್ನೂ ಕೊಡುತ್ತಾರೆ. ಅದನ್ನು ಬೇಡಿಕೆ ಎಂದುಕೊಂಡವನು ಕೆಟ್ಟ.

ಕಳೆದ ಕೊಯ್ಲಿನ ಹೊತ್ತಿಗೆ ಗಗನಾ ಭಾವನ ಹತ್ತಿರ ದುಡ್ಡು ಕೇಳಿಕೊಂಡು ಬಂದಳು. ಹತ್ತಿರದ ಹಳ್ಳಿಯವಳು, ಇಂಜಿನಿಯರಿಂಗ್ ಓದಿದವಳು. ಕಾಫಿ ಒಣಗಿಸುವ ಕಣದ ಪಕ್ಕ ನಿಲ್ಲಿಸಿದರೆ, ಮಳೆಗೆ ಅರ್ಧ ಗಂಟೆ ಮೊದಲೇ ಮಾಲೀಕರ ಫೋನಿಗೆ ಸುದ್ದಿ ಮುಟ್ಟಿಸುವ ಪೆಟ್ಟಿಗೆಯೊಂದನ್ನು ಮಾಡಿದ್ದಳು. ಎರಡು ವರ್ಷ ಅದಕ್ಕೇ ಸುರಿದಿದ್ದಳು. ಆ ಕೊಯ್ಲು ಮುಗಿಯುವುದರೊಳಗೆ ಯಾರೂ ಕೈಹಿಡಿಯದಿದ್ದರೆ ಅವಳ ಪುಟ್ಟ ಕಂಪನಿಯನ್ನು ಮುಚ್ಚಬೇಕಿತ್ತು.

"ನಲವತ್ತು ಜನ ಬೆಳೆಗಾರರನ್ನ ಕೇಳಿದೀನಿ ಅಂಕಲ್. ಎಲ್ರೂ ಚೆನ್ನಾಗಿದೆ ಅಂದ್ರು."

"ನಂಗೂ ಅಂದಿದ್ರು," ಎಂದು ಭಾವ ಹಿತ್ತಲ ಕಡೆ ಕೈ ತೋರಿಸಿದರು. "ಮಳೆ ಬಂದಾಗ ಕಣಕ್ಕೆ ಓಡೋರು ಯಾರು? ಅವರನ್ನ ಕೇಳಿದ್ಯಾ?"

ಕೇಳಿರಲಿಲ್ಲ.

"ಮಂಜಯ್ಯನವರ ಎಸ್ಟೇಟಲ್ಲಿ ಮುತ್ತಮ್ಮ ಅಂತ ಇದಾರೆ, ಕಣ ನೋಡ್ಕೊಳ್ಳೋರು. ನಾಲ್ಕು ದಿನ ಅವರ ಜೊತೆ ಇದ್ದು ಬಾ. ಆಮೇಲೆ ದುಡ್ಡಿನ ಮಾತು."

ಹುಡುಗಿಯ ಕಣ್ಣು ತುಂಬಿತು. ನನಗೆ ಭಾವನ ಮೇಲೆ ಸಿಟ್ಟೇ ಬಂತು. ಕೊಡುವುದಾದರೆ ಕೊಡಿ, ಇಲ್ಲವಾದರೆ ಇಲ್ಲ ಅನ್ನಿ, ಸುಮ್ಮನೆ ಸತಾಯಿಸುವುದೇಕೆ ಎಂದೆ. "ನೀನೊಂದು ಸುಮ್ನಿರು ಮಾರಾಯ" ಎಂದರು.

ನಾಲ್ಕನೆಯ ದಿನ ಮಧ್ಯಾಹ್ನ ಮೋಡ ಕವಿಯಿತು. ಗಗನಾ ಆ ಕಣದ ಪಕ್ಕ ನಿಲ್ಲಿಸಿದ್ದ ಪೆಟ್ಟಿಗೆ ತನ್ನ ಕೆಲಸ ಮಾಡಿತು; ಮಂಜಯ್ಯನವರ ಫೋನು ಮೂಡಿಗೆರೆಯ ಯಾವುದೋ ಮದುವೆಮನೆಯಲ್ಲಿ ಬಡಿದುಕೊಂಡಿತು. ಅಷ್ಟರಲ್ಲಿ ಮುತ್ತಮ್ಮ ಗಾಳಿ ತಿರುಗಿದ್ದನ್ನು ಕಂಡು ಅರ್ಧ ಕಣದ ಕಾಫಿ ರಾಶಿ ಮಾಡಿಯಾಗಿತ್ತು. ಉಳಿದ ಆಳುಗಳೆಲ್ಲ ಮೇಲಿನ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದರು. ಆಕೆ ಟಾರ್ಪಾಲಿನ ಒಂದು ತುದಿ ಹಿಡಿದು ಎಳೆದರೆ ಇನ್ನೊಂದು ತುದಿ ಗಾಳಿಗೆ ಹಾರುತ್ತಿತ್ತು.

"ಮಳೆ ಬರ್ತದೆ ಅಂತ ನಂಗೆ ಯಾರೂ ಹೇಳ್ಬೇಕಾಗಿಲ್ಲ ಮಗಾ," ಎಂದು ಮುತ್ತಮ್ಮ ಕೂಗಿದರು. "ಆ ತುದಿ ಹಿಡ್ಯೋಕೆ ಯಾರೂ ಇಲ್ವಲ್ಲ, ಅದಕ್ಕೇನು ಮಾಡ್ತೀಯ?"

ಗಗನಾ ಓಡಿಹೋಗಿ ಆ ತುದಿ ಹಿಡಿದಳು.

ಸಂಜೆ ಒದ್ದೆ ಬಟ್ಟೆಯಲ್ಲೇ ಅಂಗಡಿಗೆ ಬಂದು ನಡೆದದ್ದನ್ನೆಲ್ಲ ಹೇಳಿದಳು. "ನನ್ನ ಪೆಟ್ಟಿಗೆ ಅವರಿಗೆ ಬೇಡವೇ ಬೇಡ ಅಂಕಲ್" ಎಂದಳು. ಭಾವ ಅಂಗಡಿಯ ಮೂಲೆಯಲ್ಲಿ ಪೇರಿಸಿದ್ದ ಟಾರ್ಪಾಲುಗಳ ಕಡೆ ತಿರುಗಿದರು. ಸಾಹುಕಾರರು ದೊಡ್ಡ ಟಾರ್ಪಾಲು ಕೇಳಿದಂತೆಲ್ಲ ಇನ್ನೂ ದೊಡ್ಡದು ತರಿಸಿ ಮಾರಿದವರು ಅವರು. ಆಳು ಸಿಗದ ಈ ಕಾಲದಲ್ಲಿ ಅದನ್ನು ಎಳೆಯುವವರು ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಊರಿಗೆಲ್ಲ ಬುದ್ಧಿ ಹೇಳುವ ಭಾವ ಅಷ್ಟು ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಾಪ ಅನ್ನಿಸಿತು.

ಹದಿನೈದು ದಿನ ಬಿಟ್ಟು ಗಗನಾ ಮತ್ತೆ ಬಂದಳು. ಟಾರ್ಪಾಲನ್ನು ಉದ್ದನೆಯ ಕೊಳವೆಗೆ ಸುತ್ತಿ, ಎರಡೂ ಕಡೆ ಚಕ್ರ ಕೂರಿಸಿ, ಒಬ್ಬರೇ ತಳ್ಳಿಕೊಂಡು ಹೋಗಿ ಹೊದಿಸುವ ಹಾಗೆ ಮಾಡಿ ಮಂಜಯ್ಯನವರ ಕಣದಲ್ಲಿ ಇಟ್ಟು ಬಂದಿದ್ದಳು. ಕೈಯಲ್ಲಿ ಅದನ್ನು ತಳ್ಳುವ ಕಬ್ಬಿಣದ ಹಿಡಿಕೆ ಇತ್ತು.

"ಮುತ್ತಮ್ಮ ಏನಂದ್ರು?"

"ಬೈದ್ರು ಅಂಕಲ್. ಹಿಡಿಕೆ ಎತ್ತರ ಆಯ್ತು, ಭುಜ ನೋಯ್ತದೆ, ಇದನ್ನ ಮಾಡ್ದೋರಿಗೆ ಬುದ್ಧಿ ಇಲ್ಲ ಅಂದ್ರು."

"ಹಂಗಾರೆ ವಾಪಸ್ ತಂದ್ಯಾ?"

"ತರ್ತೀನಿ ಅಂದೆ, ಬಿಡ್ಲಿಲ್ಲ. ಹಿಡಿಕೆ ಒಂದು ಬಿಚ್ಕೊಂಡು ಹೋಗು, ನಾಳೆ ಬೆಳಿಗ್ಗೆಯೊಳಗೆ ಗಿಡ್ಡ ಮಾಡಿ ತಾ ಅಂದ್ರು."

ಭಾವ ಆ ಹಿಡಿಕೆಯನ್ನು ಇಸಿದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಒಳಕ್ಕೆ ಮುಖ ಮಾಡಿ, "ಶಿವಗಂಗಾ, ಚೆಕ್ ಪುಸ್ತಕ ತಾರೆ" ಎಂದರು.

ಅಕ್ಕ ಬಾಗಿಲ ಹಿಂದೆಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಂದು ಮೇಜಿನ ಮೇಲಿಟ್ಟಳು. ಕೇಳದಿದ್ದರೂ ಜೊತೆಗೆ ಪೆನ್ನನ್ನೂ ತಂದಿದ್ದಳು.